ತಕ್ಕಡಿಯ ಇಳುವರಿ, ಪ್ರಯೋಗಾಲಯದ ಇಳುವರಿ: ಅಶ್ವಗಂಧ ಬೇಸಾಯದ ಎರಡು ಲೆಕ್ಕ

ಬಯಲುಸೀಮೆಯ ಪಾಳುಬಿದ್ದ ಹೊಲಗಳ ಬದುವಿನಲ್ಲಿ, ಊರಾಚೆಯ ಕಲ್ಲುಗುಡ್ಡೆಗಳ ಮಗ್ಗುಲಲ್ಲಿ ಹಿರೇಮದ್ದಿನ ಗಿಡ ಯಾರೂ ಬಿತ್ತದೆ, ಯಾರೂ ನೀರೆರೆಯದೆ ಬೆಳೆದುಕೊಂಡು ಬಂದಿದೆ. ಬೂದಿ ಸವರಿದಂತಹ ಎಲೆ, ಕಾಗದದಂತಹ ಪೊರೆಯೊಳಗೆ ಅಡಗಿದ ಸಣ್ಣ ಕೆಂಪು ಹಣ್ಣು. ಹಸಿ ಬೇರನ್ನು ಕಿತ್ತು ಮೂಸಿದರೆ ಕುದುರೆಯ ಮೈವಾಸನೆ. ಅಶ್ವಗಂಧ ಎಂಬ ಹೆಸರು ಬಂದದ್ದೇ ಅದರಿಂದ. ಬದುವಿನ ಈ ಗಿಡ ಈಗ ನಿದ್ದೆಗೆ, ಆತಂಕಕ್ಕೆ, ಕಸುವಿಗೆ ಎಂದು ಅಮೆರಿಕದ ಅಂಗಡಿಗಳ ಕಪಾಟಿನಲ್ಲಿ ಮಾತ್ರೆಯಾಗಿ ಕುಳಿತಿದೆ. 2020ರಲ್ಲಿ ಆಯುಷ್ ಸಚಿವಾಲಯವೂ ಸಿಎಸ್‌ಐಆರ್ ಎಂಬ ಕೇಂದ್ರದ ವೈಜ್ಞಾನಿಕ ಸಂಶೋಧನಾ ಸಂಸ್ಥೆಯೂ ಕೋವಿಡ್ ಸಂಬಂಧದ ಅಧ್ಯಯನಕ್ಕೆ ಆರಿಸಿಕೊಂಡ ಮೂಲಿಕೆಗಳಲ್ಲಿ ಇದೂ ಒಂದು. ಬೇಡಿಕೆ ಏರಿದ ಹಿಂದೆಯೇ ‘ಎಕರೆಗೆ ಲಕ್ಷ ಲಕ್ಷ ಆದಾಯ’ ಎನ್ನುವ ವಿಡಿಯೊಗಳೂ ಬಂದವು.

ಹೊಸ ಬೆಳೆಯ ಸುದ್ದಿ ಕೇಳಿದ ರೈತರ ಮೊದಲ ಪ್ರಶ್ನೆ ಒಂದೇ: ಎಕರೆಗೆ ಎಷ್ಟು ಕ್ವಿಂಟಲ್? ರಾಗಿಗೆ, ಮೆಕ್ಕೆಜೋಳಕ್ಕೆ ಅದು ಪೂರ್ತಿ ಪ್ರಶ್ನೆ. ಔಷಧಿ ಬೆಳೆಗೆ ಅರ್ಧ ಪ್ರಶ್ನೆ ಮಾತ್ರ.

ಉಳಿದರ್ಧ ಏನೆಂದು ಮಂಡ್ಯದ, ಬೆಳಗಾವಿಯ ಕಬ್ಬು ಬೆಳೆಗಾರರಿಗೆ ವಿವರಿಸಿ ಹೇಳಬೇಕಿಲ್ಲ. ಅವರ ಬಾಯಲ್ಲಿ ‘ಇಳುವರಿ’ ಎಂಬ ಒಂದೇ ಪದಕ್ಕೆ ಎರಡು ಅರ್ಥ. ಹೊಲದಲ್ಲಿ ಎಕರೆಗೆ ಎಷ್ಟು ಟನ್ ಕಬ್ಬು ಬಂತು ಎಂಬುದು ಒಂದು. ಕಾರ್ಖಾನೆಯಲ್ಲಿ ಆ ಕಬ್ಬು ಎಷ್ಟು ಸಕ್ಕರೆ ಕೊಟ್ಟಿತು ಎಂಬುದು ಇನ್ನೊಂದು. ಕೇಂದ್ರ ನಿಗದಿಪಡಿಸುವ ಎಫ್‌ಆರ್‌ಪಿ ಎಂಬ ಕಬ್ಬಿನ ಕನಿಷ್ಠ ದರ ಶೇ 10.25ರ ಸಕ್ಕರೆ ಇಳುವರಿಗೆ ಕಟ್ಟಿಹಾಕಿರುವಂಥದ್ದು. ಹಾಲಿನದೂ ಇದೇ ಕಥೆ. ಊರಿನ ಡೇರಿಯಲ್ಲಿ ಲೀಟರ್ ಅಳೆದು ಸುಮ್ಮನಾಗುವುದಿಲ್ಲ, ಜಿಡ್ಡಿನಂಶವನ್ನೂ ಎಸ್‌ಎನ್‌ಎಫ್ ಎಂಬ ಜಿಡ್ಡು ಬಿಟ್ಟ ಘನಾಂಶವನ್ನೂ ನೋಡಿ ದರ ಹಾಕುತ್ತಾರೆ. ಅಶ್ವಗಂಧದಲ್ಲಿಯೂ ಕೊಳ್ಳುವವರಿಗೆ ಕೊನೆಯಲ್ಲಿ ಬೇಕಿರುವುದು ಬೇರಿನೊಳಗಿನ ವಿಥನೊಲೈಡ್ ಎಂಬ ಸಂಯುಕ್ತಗಳ ಗುಂಪು. ಆದರೆ ಮಂಡಿಯಲ್ಲಿ ರೈತನಿಗೆ ಹಣ ಎಣಿಸುವುದು ಬೇರಿನ ತೂಕ ಮತ್ತು ಕಣ್ಣಿಗೆ ಕಾಣುವ ಅಂದಕ್ಕೆ. ಈ ಬೆಳೆಯ ಬಹುಪಾಲು ಗೊಂದಲ ಹುಟ್ಟುವುದು ಈ ಎರಡು ಲೆಕ್ಕಗಳ ನಡುವಿನ ಕಂದಕದಲ್ಲಿ. ಮಣ್ಣು, ಮಳೆ, ಚಳಿ, ಗೊಬ್ಬರ ಎಲ್ಲವೂ ಎರಡೂ ಇಳುವರಿಗಳನ್ನು ಮುಟ್ಟುತ್ತವೆ. ತೊಂದರೆಯೆಂದರೆ, ಒಂದನ್ನು ಏರಿಸುವ ಸಂಗತಿಯೇ ಇನ್ನೊಂದನ್ನು ಇಳಿಸುವುದುಂಟು.

ಬದುವಿನ ಗಿಡವೂ ಮಂಡಿಯ ಗಿಡವೂ ಒಂದೇ ಅಲ್ಲ

‘ನಮ್ಮ ಹೊಲದ ಬದುವಿನಲ್ಲಿ ತಾನಾಗಿಯೇ ಬೆಳೆಯುತ್ತದೆ, ಬಿತ್ತಿದರೆ ಬಾರದೇ ಇರುತ್ತದೆಯೇ’ ಎಂಬ ವಾದ ಎಲ್ಲ ಕಡೆಯೂ ಕೇಳಿಬರುತ್ತದೆ. ಬರುತ್ತದೆ, ಆದರೆ ಯಾವುದು ಬರುತ್ತದೆ ಎಂದು ನೋಡಬೇಕು. ಕಾಡು ಹಿರೇಮದ್ದು ಹಲವು ವರ್ಷ ಬಾಳುವ ಎತ್ತರದ ಪೊದೆ. ಅದರ ಬೇರು ನಾರುನಾರು, ಕಟ್ಟಿಗೆಯಂತೆ ಗಟ್ಟಿ. ಮಂಡಿಗೆ ಬರುವುದು ಗಿಡ್ಡ ಜಾತಿಯ, ಆರು ತಿಂಗಳಲ್ಲಿ ಕಿತ್ತುಬಿಡುವ ಗಿಡದ ಬೇರು. ಅದರಲ್ಲಿ ನಾರು ಕಡಿಮೆ, ಪಿಷ್ಟ ಹೆಚ್ಚು. ಮುರಿದರೆ ಪಟ್ಟನೆ ತುಂಡಾಗಿ, ಒಳಗೆ ಸುಣ್ಣದಂತೆ ಬಿಳುಪು. ರಾಜಸ್ಥಾನದ ನಾಗೌರ್ ಪೇಟೆಯ ಹೆಸರಿನಲ್ಲಿ ಇದನ್ನು ‘ನಾಗೋರಿ ಅಸಗಂಧ’ ಎಂದು ಕರೆಯುವ ರೂಢಿ ಇದೆ. ಕಾಡಿನದಕ್ಕೂ ಹೊಲದ್ದಕ್ಕೂ ಇರುವ ಅಂತರ ಎಷ್ಟೆಂದರೆ, ಹೊಲದ್ದನ್ನು ಪ್ರತ್ಯೇಕ ಪ್ರಭೇದವೆಂದೇ ಕರೆಯಬೇಕು ಎಂದು ವಾದಿಸಿದ ಸಸ್ಯವಿಜ್ಞಾನಿಗಳೂ ಇದ್ದಾರೆ.

ಹೀಗಾಗಿ ಬೀಜದ ಆಯ್ಕೆಯಲ್ಲಿಯೇ ಅರ್ಧ ಫಲಿತಾಂಶ ತೀರ್ಮಾನವಾಗಿರುತ್ತದೆ. ಮಧ್ಯಪ್ರದೇಶದ ಮಂದಸೌರ್ ಸಂಶೋಧನಾ ಕೇಂದ್ರದಿಂದ ಬಂದ ಜವಾಹರ್ ಅಸಗಂಧ-20 ಮತ್ತು ಜವಾಹರ್ ಅಸಗಂಧ-134, ಲಖನೌದ ಸಿಮ್ಯಾಪ್ ಸಂಸ್ಥೆಯ ಪೋಷಿತಾ, ಆನಂದ್‌ನಲ್ಲಿರುವ ಔಷಧೀಯ ಮತ್ತು ಸುಗಂಧ ಸಸ್ಯಗಳ ನಿರ್ದೇಶನಾಲಯದ ವಲ್ಲಭ ಅಶ್ವಗಂಧ-1, ನಮ್ಮ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಐಐಎಚ್‌ಆರ್ ಹೊರತಂದ ಅರ್ಕಾ ಅಶ್ವಗಂಧ ಇವೆಲ್ಲ ಈ ಬೆಳೆಯ ಪರಿಚಿತ ತಳಿಗಳು. ಬೀಜ ಹಳತಾದರೆ ಮೊಳಕೆ ಬೇಗ ಕುಸಿಯುತ್ತದೆ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಎರಡು ವರ್ಷದ ಹಿಂದಿನ ಬೀಜವನ್ನು ಪರಿಚಯದವರು ‘ಕಡಿಮೆಗೆ’ ಕೊಟ್ಟರೆ ಅದು ಕಡಿಮೆಯೇನಲ್ಲ.

ನೀಮಚ್‌ನ ಬಡ ನೆಲ ಕಲಿಸುವ ಪಾಠ

ದೇಶದ ಅಶ್ವಗಂಧದ ದೊಡ್ಡ ಮಂಡಿ ಮಧ್ಯಪ್ರದೇಶದ ನೀಮಚ್. ಮಾಳವ ಪ್ರಸ್ಥಭೂಮಿಯ ಈ ಸೀಮೆಯಲ್ಲಿ ಒಳ್ಳೆಯ ನೆಲ ಸೋಯಾ, ಗೋಧಿ, ಬೆಳ್ಳುಳ್ಳಿಗಳ ಪಾಲು. ಅಶ್ವಗಂಧಕ್ಕೆ ಸಿಗುವುದು ಹಗುರವಾದ, ಆಳವಿಲ್ಲದ, ನೀರಾವರಿ ಇಲ್ಲದ ತುಂಡುಗಳು. ಮುಂಗಾರಿನ ಕೊನೆಯ ಭಾಗದಲ್ಲಿ ಚೆಲ್ಲಿ ಬಿತ್ತುತ್ತಾರೆ, ಗೊಬ್ಬರ ಹಾಕುವುದು ಅಷ್ಟಕ್ಕಷ್ಟೆ. ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ಮಳೆ ಬಹುತೇಕ ಹಿಂದೆ ಸರಿಯುತ್ತದೆ. ಆಮೇಲೆ ನಾಲ್ಕು ತಿಂಗಳು ಒಣ ಹವೆ, ಗಡಗಡ ನಡುಗಿಸುವ ರಾತ್ರಿಗಳು. ಜನವರಿಯಿಂದ ಮಾರ್ಚ್‌ವರೆಗೆ ಬೇರು ಕೀಳುವ ಕೆಲಸ.

ಇದನ್ನು ಬಡವರ ಬೇಸಾಯ ಎಂದು ತಳ್ಳಿಹಾಕುವುದು ಸುಲಭ. ಗಿಡದ ಕಡೆಯಿಂದ ನೋಡಿದರೆ ಇದು ಒಂದು ಅಚ್ಚುಕಟ್ಟಾದ ವೇಳಾಪಟ್ಟಿ. ಮೊದಲ ಎರಡು ತಿಂಗಳು ಹದವಾದ ತೇವದಲ್ಲಿ ಎಲೆ, ರೆಂಬೆ ಕಟ್ಟಿಕೊಳ್ಳುತ್ತದೆ. ಮಳೆ ನಿಂತೊಡನೆ ಮೇಲಿನ ಬೆಳವಣಿಗೆ ಮಂದವಾಗಿ ಎಲೆಯಲ್ಲಿ ತಯಾರಾದ ಆಹಾರ ಕೆಳಗಿಳಿದು ಬೇರಿನಲ್ಲಿ ಪಿಷ್ಟವಾಗಿ ಕೂಡುತ್ತದೆ. ಹಣ್ಣು ಕೆಂಪಾಗಿ ಎಲೆ ಒಣಗತೊಡಗಿದಾಗ ಕೀಳಬೇಕು. ಸಾಮಾನ್ಯವಾಗಿ ಅದು ಬಿತ್ತಿದ 150ರಿಂದ 180 ದಿನಗಳ ನಡುವೆ. ಅದಕ್ಕಿಂತ ಬಹಳ ಮುಂಚೆ ಕಿತ್ತರೆ ಬೇರು ತೆಳು, ಬಹಳ ತಡವಾದರೆ ನಾರು ಬಲಿತು ಕಟ್ಟಿಗೆಯಾಗುತ್ತದೆ.

ಬೇಸಾಯದ ಕೈಪಿಡಿಗಳು ಹೇಳುವ ಅಂಕಿಗಳು ಹೀಗಿವೆ: ವರ್ಷಕ್ಕೆ 600ರಿಂದ 750 ಮಿಲಿಮೀಟರ್ ಮಳೆ, 20ರಿಂದ 35 ಡಿಗ್ರಿ ಉಷ್ಣಾಂಶ, ನೀರು ಬಸಿದು ಹೋಗುವ ಮರಳುಮಿಶ್ರಿತ ಗೋಡು ಅಥವಾ ಹಗುರ ಕೆಂಪು ಮಣ್ಣು, ಮಣ್ಣಿನ ರಸಸಾರ (ಪಿಎಚ್) 7.5ರಿಂದ 8. ಚೆಲ್ಲು ಬಿತ್ತನೆಗೆ ಹೆಕ್ಟೇರಿಗೆ 10ರಿಂದ 12 ಕಿಲೊ ಬೀಜ, ಸಸಿ ಮಾಡಿ ನಾಟಿ ಮಾಡುವುದಾದರೆ ಸುಮಾರು 5 ಕಿಲೊ. ಸಾಮಾನ್ಯ ಬೇಸಾಯದಲ್ಲಿ ಹೆಕ್ಟೇರಿಗೆ 3ರಿಂದ 5 ಕ್ವಿಂಟಲ್ ಒಣ ಬೇರು. ಒಳ್ಳೆಯ ತಳಿ, ಒಳ್ಳೆಯ ಮಣ್ಣು, ಒಳ್ಳೆಯ ಉಸ್ತುವಾರಿ ಕೂಡಿದರೆ 6ರಿಂದ 8 ಕ್ವಿಂಟಲ್‌ವರೆಗೂ ಹೋಗುತ್ತದೆ.

ಸಾಮಾನ್ಯ ಬೇಸಾಯದ ಇಳುವರಿಯ ಅಂಕಿಯನ್ನು ಎಕರೆಗೆ ಇಳಿಸಿ ನೋಡಿ. ಹೆಕ್ಟೇರಿಗೆ 4 ಕ್ವಿಂಟಲ್ ಎಂದರೆ ಎಕರೆಗೆ 160 ಕಿಲೊ. ಲೆಕ್ಕಕ್ಕಾಗಿ ಕಿಲೊಗೆ 250 ರೂಪಾಯಿ ಎಂದು ಹಿಡಿಯೋಣ. ಇದು ಇಂದಿನ ಧಾರಣೆಯೇನಲ್ಲ, ನಾನು ಹಿಡಿದ ಅಂಕಿ. ಎಕರೆಗೆ 40 ಸಾವಿರ ರೂಪಾಯಿ ಆಯಿತು. ಅದರಲ್ಲಿ ಕಳೆ ತೆಗೆಸಿದ, ಬೇರು ಕೀಳಿಸಿದ, ಕತ್ತರಿಸಿದ, ಒಣಗಿಸಿದ, ಬಡಿದು ಮಣ್ಣು ಉದುರಿಸಿದ ಕೂಲಿ ಕಳೆಯಬೇಕು. ಒಣಭೂಮಿಗೆ ಇದು ಕೆಟ್ಟ ಆದಾಯವೇನಲ್ಲ. ಆದರೆ ‘ಲಕ್ಷ ಲಕ್ಷ’ ಎಲ್ಲಿಂದ ಬಂತು ಎಂದು ಆ ವಿಡಿಯೊ ಮಾಡಿದವರನ್ನೇ ಕೇಳಬೇಕು. ಅವರಲ್ಲಿ ಎಷ್ಟು ಜನ ಬೀಜ ಮಾರುವವರೋ!

ಗಿಡಕ್ಕೆ ಸುಖ ಹೆಚ್ಚಾದರೆ

ವಿಥನೊಲೈಡ್‌ಗಳನ್ನು ಗಿಡ ನಮಗಾಗಿ ತಯಾರಿಸುವುದಿಲ್ಲ. ಹುಳು, ಶಿಲೀಂಧ್ರ, ಬರ, ಚಳಿಗಳನ್ನು ಎದುರಿಸುವ ತನ್ನ ಸಿದ್ಧತೆಯ ಭಾಗವಾಗಿ ತಯಾರಿಸಿಕೊಳ್ಳುತ್ತದೆ. ಒಣ ಬೇರಿನಲ್ಲಿ ಇವುಗಳ ಪ್ರಮಾಣ ಸಾಮಾನ್ಯವಾಗಿ ಶೇ 1ನ್ನೂ ಮುಟ್ಟುವುದಿಲ್ಲ. ಆದ್ದರಿಂದ ಶೇ 0.2ಕ್ಕೂ ಶೇ 0.4ಕ್ಕೂ ನಡುವಿನ ಅಂತರ ಕಾಗದದ ಮೇಲೆ ಪುಟ್ಟದಾಗಿ ಕಂಡರೂ ಸತ್ವ ತೆಗೆಯುವ ಕಾರ್ಖಾನೆಯ ಮಟ್ಟಿಗೆ ದುಪ್ಪಟ್ಟು.

ಗಿಡಕ್ಕೆ ನೀರು, ಸಾರಜನಕ ಧಾರಾಳವಾಗಿ ಸಿಕ್ಕಾಗ ಅದು ಬೆಳೆಯುವುದರಲ್ಲಿ ಮಗ್ನವಾಗಿರುತ್ತದೆ. ಯೂರಿಯಾ ಬಿದ್ದ ಹೊಲದಲ್ಲಿ ಅಶ್ವಗಂಧದ ಎಲೆಗಳು ಬದನೆಯೆಲೆಯಂತೆ ಹರಡಿಕೊಳ್ಳುತ್ತವೆ. ನೋಡಲು ಹಬ್ಬ, ಕಿತ್ತು ನೋಡಿದರೆ ಬೇರು ಆ ಹಬ್ಬಕ್ಕೆ ತಕ್ಕಂತಿರುವುದಿಲ್ಲ. ನೀರಿನ ಕೊರತೆ ಹಿತಮಿತವಾಗಿ ತಟ್ಟಿದಾಗ ಬೆಳವಣಿಗೆ ನಿಧಾನಿಸಿ, ಕೂಡಿಟ್ಟ ಇಂಗಾಲದ ಒಂದು ಪಾಲು ಇಂತಹ ರಕ್ಷಣಾ ಸಂಯುಕ್ತಗಳತ್ತ ಹರಿಯುತ್ತದೆ. ಚಳಿಗೆ ಒಡ್ಡಿದ ಅಶ್ವಗಂಧದಲ್ಲಿ ವಿಥನೊಲೈಡ್ ತಯಾರಿಕೆಗೆ ಸಂಬಂಧಿಸಿದ ಜೀನ್‌ಗಳು ಚುರುಕಾಗುವುದೂ ಪ್ರಯೋಗಗಳಲ್ಲಿ ಕಂಡುಬಂದಿದೆ. ನೀಮಚ್‌ನ ಒಣ ಚಳಿಗಾಲ ಬೇರಿನ ಗುಣಕ್ಕೆ ಒದಗಿಬರುತ್ತದೆ ಎಂಬ ವ್ಯಾಪಾರಿಗಳ ಮಾತಿಗೆ ಹೀಗೆ ಒಂದಿಷ್ಟು ಆಧಾರವಿದೆ.

ಆದರೆ ಇಲ್ಲೊಂದು ಎಚ್ಚರಿಕೆ ಬೇಕು. ‘ಗಿಡವನ್ನು ಒಣಗಿಸಿದಷ್ಟೂ ಔಷಧ ಹೆಚ್ಚು’ ಎಂದು ಇದನ್ನು ಸೂತ್ರ ಮಾಡಿಬಿಟ್ಟರೆ ಕೆಟ್ಟಿತು. ಬರ ಒಂದು ಮಟ್ಟ ದಾಟಿದರೆ ಗಿಡ ಬಸವಳಿಯುತ್ತದೆ; ಬೇರೂ ಇಲ್ಲ, ಸತ್ವವೂ ಇಲ್ಲ. ಲೆಕ್ಕ ಹಾಕಬೇಕಾದದ್ದು ಶೇಕಡಾವಾರು ಪ್ರಮಾಣವನ್ನಲ್ಲ, ಒಂದು ಹೆಕ್ಟೇರಿನಿಂದ ಒಟ್ಟು ಎಷ್ಟು ವಿಥನೊಲೈಡ್ ಸಿಕ್ಕಿತು ಎಂಬುದನ್ನು. ಉದಾಹರಣೆಗೆ ಎರಡು ಹೊಲಗಳನ್ನು ಊಹಿಸಿಕೊಳ್ಳಿ. ಒಂದರಲ್ಲಿ ನೀರು ಗೊಬ್ಬರ ಚೆನ್ನಾಗಿ ಕೊಟ್ಟು ಹೆಕ್ಟೇರಿಗೆ 600 ಕಿಲೊ ಬೇರು ಬಂತು, ಅದರಲ್ಲಿ ಸತ್ವ, ಅಂದರೆ ವಿಥನೊಲೈಡ್, ಶೇ 0.25. ಇನ್ನೊಂದು ಮಳೆಯಾಶ್ರಿತ, 400 ಕಿಲೊ ಬೇರು, ಸತ್ವ ಶೇ 0.4. ಮೊದಲನೆಯದರಲ್ಲಿ ಸಿಕ್ಕ ಒಟ್ಟು ವಿಥನೊಲೈಡ್ ಒಂದೂವರೆ ಕಿಲೊ, ಎರಡನೆಯದರಲ್ಲಿ 1.6 ಕಿಲೊ. ಕಾರ್ಖಾನೆಗೆ ಎರಡನೆಯ ಹೊಲವೇ ಮೇಲು, ಅದೂ ಕಡಿಮೆ ಬೇರು ಅರೆದು. ಮಂಡಿಯ ತಕ್ಕಡಿಯಲ್ಲಿ ಮಾತ್ರ ಮೊದಲ ಹೊಲದವನು ಒಂದೂವರೆ ಪಟ್ಟು ಹಣ ಎಣಿಸಿಕೊಂಡು ಮನೆಗೆ ಹೋಗುತ್ತಾನೆ. ಹೀಗಿರುವಾಗ ಯಾವ ರೈತ ಯೂರಿಯಾ ಚೀಲ ಬಿಚ್ಚದೆ ಇದ್ದಾನು?

ಸಾಲುಗಳ ಒತ್ತೊತ್ತಿನ ಪ್ರಶ್ನೆಯೂ ಇದೇ ಜಾಡಿನದು. ಚೆಲ್ಲಿ ಬಿತ್ತಿ ಪೈರು ಕೀಳದೆ ಬಿಟ್ಟರೆ ಗಿಡ ಹೆಚ್ಚು, ಬೇರು ಕಡ್ಡಿ. ತೀರಾ ಅಂತರ ಬಿಟ್ಟರೆ ಒಂದೊಂದು ಬೇರು ದಪ್ಪನಾದರೂ ಕವಲೊಡೆಯುತ್ತದೆ, ಒಟ್ಟು ತೂಕ ಕುಗ್ಗುತ್ತದೆ. ಬಿತ್ತಿದ 25–30 ದಿನಕ್ಕೆ ಒತ್ತಾದ ಪೈರನ್ನು ಕಿತ್ತು ತೆಳುಗೊಳಿಸಬೇಕು ಎಂಬ ಶಿಫಾರಸು ಇರುವುದು ಇದಕ್ಕೇ. ಕೂಲಿ ಸಿಗದ ಕಾಲದಲ್ಲಿ ಅದನ್ನು ಮಾಡುವವರು ಕಡಿಮೆ. ಕೂರಿಗೆಯಲ್ಲಿ ಸಾಲು ಹಿಡಿದು ಬಿತ್ತಿ ಎಡೆಕುಂಟೆ ಹೊಡೆಯುವುದು ಹೆಚ್ಚು ನಡೆಯುವ ದಾರಿ ಎಂದು ನನಗನ್ನಿಸುತ್ತದೆ. ಬೀಜ ಬಹಳ ಸಣ್ಣದಾದ್ದರಿಂದ ಮರಳು ಬೆರೆಸಿ ಬಿತ್ತಬೇಕು, ಆಳಕ್ಕೆ ಬಿದ್ದರೆ ಏಳುವುದಿಲ್ಲ.

ಮಂಡಿಯಲ್ಲಿ ದರ್ಜೆ ಕಟ್ಟುವ ರೀತಿ ನೋಡಿದರೆ ತಕ್ಕಡಿಗೂ ಸತ್ವಕ್ಕೂ ನಡುವಿನ ಕಂದಕ ಇನ್ನೂ ಸ್ಪಷ್ಟವಾಗುತ್ತದೆ. ಸುಮಾರು 7 ಸೆಂಟಿಮೀಟರ್ ಉದ್ದ, ಒಂದರಿಂದ ಒಂದೂವರೆ ಸೆಂಟಿಮೀಟರ್ ದಪ್ಪ, ಒಳಗೆ ಟೊಳ್ಳಿಲ್ಲದೆ ಬಿಳುಪಾಗಿರುವ ತುಂಡುಗಳು ‘ಎ’ ದರ್ಜೆ. ಅದಕ್ಕಿಂತ ಗಿಡ್ಡ, ತೆಳುವಾದವು ‘ಬಿ’, ‘ಸಿ’. ಹಳದಿಗಟ್ಟಿದ ಚೂರುಪಾರು ಕೊನೆಯ ದರ್ಜೆ. ಇಡೀ ವ್ಯವಹಾರ ಕಣ್ಣಿನದು, ಬೆರಳಿನದು. ದಪ್ಪ ಬೇರಿನಲ್ಲಿ ಸತ್ವ ಹೆಚ್ಚಿರಲೇಬೇಕು ಎಂಬ ನಿಯಮವೇನೂ ಇಲ್ಲ. ಪಿಷ್ಟ ತುಂಬಿ ದಪ್ಪಗಾದದ್ದೂ ಆಗಿರಬಹುದು. ಚೂರ್ಣ ಮಾಡುವವರಿಗೆ, ಲೇಹ್ಯ ಮಾಡುವವರಿಗೆ ಬಿಳುಪೂ ಪಿಷ್ಟವೂ ಬೇಕು, ಒಪ್ಪೋಣ. ಸತ್ವ ತೆಗೆದು ಶೇ 5 ವಿಥನೊಲೈಡ್ ಎಂದು ಡಬ್ಬದ ಮೇಲೆ ಬರೆಯುವವರಿಗೆ ಆ ಬಿಳುಪು ಯಾತಕ್ಕೆ?

ಕರ್ನಾಟಕದಲ್ಲಿ ಮಣ್ಣು ಒಂದು ಕಡೆ, ಆಕಾಶ ಒಂದು ಕಡೆ

ನಮ್ಮ ರಾಜ್ಯಕ್ಕೆ ಬಂದರೆ ಸಮಸ್ಯೆ ಬೇರೆಯೇ ಆಕಾರ ಪಡೆಯುತ್ತದೆ. ಸಾಮಾನ್ಯವಾಗಿ ಅಶ್ವಗಂಧ ಕೇಳುವ ಮಣ್ಣು ಇರುವ ಕಡೆ ಅದು ಕೇಳುವ ಆಕಾಶ ಇಲ್ಲ. ಆಕಾಶ ಇರುವ ಕಡೆ ಮಣ್ಣು ಇಲ್ಲ.

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಾಮರಾಜನಗರದ ಕೆಂಪು ಮಣ್ಣು ಈ ಬೆಳೆಗೆ ಹೇಳಿ ಮಾಡಿಸಿದಂತಿದೆ. ಬೇರು ನೇರವಾಗಿ ಇಳಿಯುತ್ತದೆ, ಕೀಳುವಾಗ ಮುರಿಯದೆ ಬರುತ್ತದೆ. ಆದರೆ ಈ ಸೀಮೆಯಲ್ಲಿ ಮಳೆ ಹೆಚ್ಚು ಸುರಿಯುವುದೇ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಅದು ಮುಗಿಯುವ ಮೊದಲೇ ಹಿಂಗಾರು ಬಂದು ಕೂಡಿಕೊಳ್ಳುತ್ತದೆ, ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿತವಾದರೆ ನವೆಂಬರ್‌ನಲ್ಲಿಯೂ ಜಡಿಮಳೆ. 2021ರ ನವೆಂಬರ್ ನೆನಪಿದೆಯಲ್ಲ? ಕಟಾವಿಗೆ ಬಂದ ರಾಗಿ ಹೊಲದಲ್ಲೇ ಮೊಳಕೆಯೊಡೆದಿತ್ತು. ಬೇರು ತುಂಬುವ ಹೊತ್ತಿನಲ್ಲಿ ಅಂತಹ ಮಳೆ ಬಿದ್ದರೆ ಅಶ್ವಗಂಧಕ್ಕೆ ಎರಡು ಪೆಟ್ಟು. ನೀರು ನಿಂತರೆ ಬೇರು ಕೊಳೆಯುತ್ತದೆ ಎಂಬುದು ಎಲ್ಲರಿಗೂ ಕಾಣುವ ಪೆಟ್ಟು. ಕಾಣದ ಪೆಟ್ಟೆಂದರೆ, ಒಣಗಲು ಹೊರಟಿದ್ದ ಗಿಡ ಮತ್ತೆ ಚಿಗುರಿ ಬೇರಿನಲ್ಲಿ ಕೂಡಿಟ್ಟ ಪಿಷ್ಟವನ್ನು ಹೊಸ ಎಲೆಗಾಗಿ ಮೇಲಕ್ಕೆ ಎಳೆದುಕೊಳ್ಳುತ್ತದೆ. ಹೊಲ ಹಸಿರಾಗಿ ಕಾಣುತ್ತದೆ, ರೈತ ಖುಷಿಪಡುತ್ತಾನೆ, ಬೇರು ಒಳಗೊಳಗೇ ಹಗುರಾಗುತ್ತದೆ.

ಇತ್ತ ವಿಜಯಪುರ, ಕಲಬುರಗಿ ಕಡೆ ಚಳಿಗಾಲ ಒಣ, ರಾತ್ರಿ ತಂಪು. ಮಾಳವದ ಹವೆಗೆ ಹೆಚ್ಚು ಹತ್ತಿರ. ಆದರೆ ಅಲ್ಲಿ ಕಪ್ಪು ಎರೆಮಣ್ಣಿನದೇ ಕಾರುಬಾರು. ಎರೆಭೂಮಿ ಮಳೆಗಾಲದಲ್ಲಿ ನೀರು ಹಿಡಿದು ಕೂರುತ್ತದೆ, ಬೇಸಿಗೆಗೆ ಬಿರುಕು ಬಿಟ್ಟು ಕಲ್ಲಾಗುತ್ತದೆ. ಬೇರು ಕವಲೊಡೆದು ಸೊಟ್ಟಗಾಗುತ್ತದೆ, ಕೀಳಹೊರಟರೆ ಅರ್ಧ ಮಣ್ಣಿನಲ್ಲೇ ಉಳಿಯುತ್ತದೆ. ಕಡಲೆಗೆ, ಬಿಳಿಜೋಳಕ್ಕೆ ಬಂಗಾರದಂತಹ ಆ ನೆಲವನ್ನು ಅಶ್ವಗಂಧಕ್ಕೆ ಕೊಡುವುದು ನನ್ನ ಮಟ್ಟಿಗೆ ದಡ್ಡತನ.

ಹಾಗಾದರೆ ನಡುವೆ ಏನಿದೆ? ಚಳ್ಳಕೆರೆ, ಮೊಳಕಾಲ್ಮುರು, ಪಾವಗಡದ ಶೇಂಗಾ ಬೆಳೆಯುವ ಹಗುರ ಕೆಂಪು ಹೊಲಗಳು. ಕೊಪ್ಪಳ, ರಾಯಚೂರು ಕಡೆಯ ಮಸಾರಿ ಎಂಬ ಕೆಂಪು ನೆಲ. ಬೀದರ್‌ನ ಜಂಬುಮಣ್ಣಿನ (ಲ್ಯಾಟರೈಟ್) ಎತ್ತರದ ನೆಲ. ಇವುಗಳಲ್ಲಿ ಬೀದರ್ ನನಗೆ ಹೆಚ್ಚು ಆಸೆ ಹುಟ್ಟಿಸುತ್ತದೆ, ನೀರು ಬಸಿಯುವ ಮಣ್ಣೂ ರಾಜ್ಯದಲ್ಲೇ ಗಟ್ಟಿಯಾದ ಚಳಿಯೂ ಅಲ್ಲಿ ಒಟ್ಟಿಗೆ ಸಿಗುತ್ತವೆ. ಚಳ್ಳಕೆರೆ ಭಾಗದಲ್ಲಿ ವರ್ಷದ ಮಳೆಯೇ 500 ಮಿಲಿಮೀಟರ್ ಆಸುಪಾಸಿನಲ್ಲಿರುವುದರಿಂದ ಹಿಂಗಾರಿನ ಹೊಡೆತ ಕೋಲಾರದಷ್ಟಿಲ್ಲ; ಆದರೆ ಬಿತ್ತಿದ ಮೇಲೆ ಮಳೆ ಕೈಕೊಟ್ಟರೆ ಮೊಳಕೆಯೇ ಏಳದು, ಒಂದೆರಡು ನೀರು ಕೊಡುವ ಅನುಕೂಲ ಇರಬೇಕು.

ಬಿತ್ತನೆಯ ಹೊತ್ತು ಇಲ್ಲಿ ಎಲ್ಲಕ್ಕಿಂತ ಮುಖ್ಯ. ಜೂನ್‌ನಲ್ಲಿ ಬಿತ್ತಿದರೆ ಎಳೆ ಸಸಿಗಳು ಮಳೆಗೆ ಸಿಕ್ಕಿ ಬುಡ ಕೊಳೆತು ಸಾಯುತ್ತವೆ, ಉಳಿದವು ಕಳೆಯಲ್ಲಿ ಮುಚ್ಚಿಹೋಗುತ್ತವೆ. ಉತ್ತರೆ ಮಳೆಯವರೆಗೆ ತಡ ಮಾಡಿದರೆ ಬೇರಿಗೆ ದಿನ ಸಾಲದು. ಆಶ್ಲೇಷ, ಮಘೆ ಮಳೆಗಳ ನಡುವೆ, ಅಂದರೆ ಆಗಸ್ಟ್‌ನಲ್ಲಿ ಬೀಜ ನೆಲಕ್ಕೆ ಬಿದ್ದರೆ ಜನವರಿ ಕೊನೆ, ಫೆಬ್ರುವರಿಯಲ್ಲಿ ಬೇರು ಕೈಗೆ ಬರುತ್ತದೆ. ದಕ್ಷಿಣದ ಜಿಲ್ಲೆಗಳಲ್ಲಿ ಬೆಳೆಯಲೇಬೇಕೆಂದಿದ್ದರೆ ಏರುಮಡಿ ಮಾಡಿ, ನೀರು ಹೊರಗೆ ಹೋಗಲು ಕಾಲುವೆ ತೆಗೆದಿಟ್ಟುಕೊಂಡೇ ಬಿತ್ತಬೇಕು.

ನಮ್ಮಲ್ಲಿ ಇನ್ನೊಂದು ಅಪಾಯವನ್ನು ಯಾರೂ ಗಟ್ಟಿಯಾಗಿ ಹೇಳುತ್ತಿಲ್ಲ. ಅಶ್ವಗಂಧ ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆಗಳ ಕುಟುಂಬದ ಗಿಡ. ಕೋಲಾರದ ಟೊಮೆಟೊ ಹೊಲಗಳಲ್ಲಿ ಬೇರುಗಂಟು ಜಂತುಹುಳು ಬೀಡುಬಿಟ್ಟಿರುತ್ತದೆ. ಅದೇ ಹುಳು ಅಶ್ವಗಂಧದ ಬೇರನ್ನೂ ಗಂಟುಗಂಟಾಗಿಸುತ್ತದೆ. ಬದನೆಯ ಎಲೆಯನ್ನು ಕೆರೆದು ಜಾಲರಿ ಮಾಡುವ ಚುಕ್ಕೆ ದುಂಬಿಯೂ ಇಲ್ಲಿಗೆ ಸಲೀಸಾಗಿ ವಲಸೆ ಬರುತ್ತದೆ. ಟೊಮೆಟೊದಲ್ಲಿ ಕಳೆದುಕೊಂಡದ್ದನ್ನು ಅದೇ ಹೊಲದಲ್ಲಿ ಅಶ್ವಗಂಧ ಹಾಕಿ ಗಳಿಸುತ್ತೇನೆ ಎಂದು ಹೊರಡುವವರು ಒಮ್ಮೆ ನಿಲ್ಲಬೇಕು. ರಾಗಿ, ಸಜ್ಜೆ, ಶೇಂಗಾ ಬೆಳೆದ ಹೊಲ ಒಳ್ಳೆಯದು. ಟೊಮೆಟೊಗೆ ಹೊಡೆದಂತೆ ಇಲ್ಲಿ ಕೀಟನಾಶಕ ಹೊಡೆಯುವ ಹಾಗೂ ಇಲ್ಲ. ಔಷಧಕ್ಕೆ ಹೋಗುವ ಬೇರಿನಲ್ಲಿ ವಿಷದ ಶೇಷ ಸಿಕ್ಕಿದರೆ ರಫ್ತುದಾರ ಇಡೀ ಸರಕನ್ನು ಹಿಂದಿರುಗಿಸುತ್ತಾನೆ.

ಕೊಯ್ಲಿನ ಮಾತನ್ನು ಚಿಕ್ಕದಾಗಿ ಮುಗಿಸುತ್ತೇನೆ. ಕೀಳುವ ಮುನ್ನ ತೆಳುವಾಗಿ ನೀರು ಹಾಯಿಸಿದರೆ ಮಣ್ಣು ಸಡಿಲವಾಗಿ ಬೇರು ಪೂರ್ತಿ ಬರುತ್ತದೆ. ಕಾಂಡವನ್ನು ಬುಡಕ್ಕೆ ಕತ್ತರಿಸಿ, ಬೇರನ್ನು 7–10 ಸೆಂಟಿಮೀಟರ್ ತುಂಡು ಮಾಡಿ ಒಣಗಿಸಿ, ಬಡಿದು ಮಣ್ಣನ್ನೂ ಎಳೆಬೇರನ್ನೂ ಬೇರೆ ಮಾಡಬೇಕು. ಔಷಧಗಳ ಗುಣಮಟ್ಟ ಹೇಳುವ ಆಯುರ್ವೇದ ಫಾರ್ಮಕೊಪಿಯಾ ಪ್ರಕಾರ ಬೇರನ್ನು ಸುಟ್ಟಾಗ ಉಳಿಯುವ ಬೂದಿ ಶೇ 7 ಮೀರಬಾರದು. ಮಣ್ಣು ಸರಿಯಾಗಿ ಉದುರಿಸದ ಬೇರು ಆ ಪರೀಕ್ಷೆಯಲ್ಲಿಯೇ ಸೋಲುತ್ತದೆ. ತಕ್ಕಡಿಯಲ್ಲಿ ಮಣ್ಣಿಗೂ ಹಣ ಸಿಗುತ್ತದೆ, ಪ್ರಯೋಗಾಲಯದಲ್ಲಿ ಮಾತ್ರ ಅದು ಸಿಕ್ಕಿಬೀಳುತ್ತದೆ.

ಎಲೆಯ ಕಳ್ಳದಾರಿ

ಎರಡು ಲೆಕ್ಕಗಳ ನಡುವಿನ ಕಂದಕದಲ್ಲಿ ಮೋಸವೂ ಬೆಳೆದಿದೆ. ಅಶ್ವಗಂಧದ ಎಲೆಯಲ್ಲಿ ವಿಥಫೆರಿನ್-ಎ ಎಂಬ ಒಂದು ವಿಥನೊಲೈಡ್ ಬೇರಿಗಿಂತ ಹೆಚ್ಚಾಗಿಯೇ ಇರುತ್ತದೆ. ಎಲೆ ಅಗ್ಗ, ಬೇರು ತುಟ್ಟಿ. ಒಟ್ಟು ವಿಥನೊಲೈಡ್ ಎಷ್ಟು ಎಂದಷ್ಟೇ ಕೇಳುವ ಖರೀದಿದಾರನಿಗೆ ಬೇರಿನ ಸತ್ವಕ್ಕೆ ಎಲೆಯ ಸತ್ವ ಬೆರೆಸಿ ಕೊಟ್ಟರೆ ಅಂಕಿ ಸರಿಹೊಂದುತ್ತದೆ. ಆದರೆ ಎಲೆಯ ಸಂಯುಕ್ತಗಳ ಹಂಚಿಕೆ ಬೇರಿನದಕ್ಕಿಂತ ಬೇರೆ. ವಿಥಫೆರಿನ್-ಎ ಜೀವಕೋಶಗಳ ಮೇಲೆ ಕಟುವಾಗಿ ವರ್ತಿಸುವ ವಸ್ತು, ಹೊಟ್ಟೆಗೆ ತೆಗೆದುಕೊಳ್ಳುವ ಔಷಧವಾಗಿ ಪರಂಪರೆಯಲ್ಲಿ ಬಳಕೆಯಲ್ಲಿ ನಿಂತಿರುವುದು ಬೇರು, ಎಲೆಯಲ್ಲ. 2021ರ ಅಕ್ಟೋಬರ್‌ನಲ್ಲಿ ಆಯುಷ್ ಸಚಿವಾಲಯ ಉತ್ಪನ್ನಗಳಲ್ಲಿ ಎಲೆ ಬಳಸಬೇಡಿ, ಬೇರನ್ನೇ ಬಳಸಿ ಎಂದು ತಯಾರಕರಿಗೆ ಸಲಹೆ ಹೊರಡಿಸಿತು. 2023ರಲ್ಲಿ ಡೆನ್ಮಾರ್ಕ್ ಅಶ್ವಗಂಧವನ್ನೇ ನಿಷೇಧಿಸಿತು. ಆ ನಿರ್ಧಾರಕ್ಕೆ ಆಧಾರವಾದ 2020ರ ವರದಿ ಬೇರು, ಎಲೆಗಳ ನಡುವಿನ ವ್ಯತ್ಯಾಸವನ್ನು ಸರಿಯಾಗಿ ಗಣಿಸಿಲ್ಲ ಎಂಬುದು ಭಾರತದ ಕಡೆಯ ಆಕ್ಷೇಪ. ಆಕ್ಷೇಪದಲ್ಲಿ ಹುರುಳಿದೆ. ಆದರೆ ನಮ್ಮಿಂದಲೇ ಹೋಗುವ ಸರಕಿನಲ್ಲಿ ಎಲೆ ಬೆರೆಯುತ್ತಿದ್ದರೆ ಆ ವಾದಕ್ಕೆ ಬಲ ಎಲ್ಲಿಂದ ಬರಬೇಕು?

ರೈತನಿಗೂ ಇದಕ್ಕೂ ನೇರ ಸಂಬಂಧವಿದೆ. ಎಲೆಯ ಕಲಬೆರಕೆ ನಡೆಯುವಷ್ಟು ದಿನ ಸತ್ವ ಹೆಚ್ಚಿರುವ ಬೇರು ಬೆಳೆದವನಿಗೆ ಹೆಚ್ಚು ಬೆಲೆ ಕೊಡುವ ಗರಜು ಯಾರಿಗೂ ಇಲ್ಲ. ಕಳಪೆ ಬೇರಿನ ಕೊರತೆಯನ್ನು ಎಲೆ ತುಂಬಿಕೊಡುತ್ತದೆ.

ಅದೇ ಊರಿನ ಇನ್ನೊಂದು ಬೆಳೆ

ಸತ್ವ ಅಳೆದು ಲೆಕ್ಕ ಹಾಕುವುದು ಹಳ್ಳಿಯ ಮಟ್ಟದಲ್ಲಿ ಆಗದ ಕೆಲಸ ಎಂದು ಕಂಪನಿಗಳವರು ಹೇಳುವುದುಂಟು. ಅವರಿಗೆ ನೀಮಚ್ ಊರೇ ಉತ್ತರ. ನೀಮಚ್, ಮಂದಸೌರ್‌ಗಳು ಅಶ್ವಗಂಧಕ್ಕಿಂತ ಹೆಚ್ಚು ಹೆಸರಾದದ್ದು ಪರವಾನಗಿ ಪಡೆದ ಅಫೀಮು ಬೇಸಾಯಕ್ಕೆ. ಸರ್ಕಾರಿ ಅಫೀಮು ಕಾರ್ಖಾನೆಯೂ ನೀಮಚ್‌ನಲ್ಲಿದೆ. ಹಿಂದೆ ಅಫೀಮು ಬೆಳೆಗಾರನ ಅರ್ಹತೆಯನ್ನು ಅಳೆಯುತ್ತಿದ್ದದ್ದು ಹೆಕ್ಟೇರಿಗೆ ಎಷ್ಟು ಕಿಲೊ ಅಫೀಮು ಒಪ್ಪಿಸಿದ ಎಂಬುದರಿಂದ. ಈಚಿನ ವರ್ಷಗಳಲ್ಲಿ ಆ ಮಾನದಂಡ ಬದಲಾಗಿ ಅಫೀಮಿನೊಳಗಿನ ಸತ್ವವಾದ ಮಾರ್ಫಿನ್ ಹೆಕ್ಟೇರಿಗೆ ಎಷ್ಟು ಕಿಲೊ ಎಂಬ ಲೆಕ್ಕಕ್ಕೆ ಬಂದಿದೆ. 4.2 ಕಿಲೊ ಮಾರ್ಫಿನ್ ಕೊಟ್ಟವರಿಗೆ ಪರವಾನಗಿ ನವೀಕರಣ ಎಂಬ ಅಂಕಿ ಅಲ್ಲಿನ ರೈತರಿಗೆ ಬಾಯಿಪಾಠ. ಒಂದೇ ತಾಲ್ಲೂಕಿನಲ್ಲಿ ಒಂದು ಔಷಧಿ ಬೆಳೆಯನ್ನು ಅದರೊಳಗಿನ ಸತ್ವದಿಂದಲೂ ಇನ್ನೊಂದನ್ನು ಬೇರಿನ ಬಣ್ಣದಿಂದಲೂ ಅಳೆಯುತ್ತಿದ್ದೇವೆ. ಅಫೀಮಿನಲ್ಲಿ ಕೊಳ್ಳುವವನು ಸರ್ಕಾರ ಒಬ್ಬನೇ, ಅದಕ್ಕೆ ಸಾಧ್ಯವಾಯಿತು ಎನ್ನಬಹುದು. ಅಶ್ವಗಂಧದಲ್ಲಿ ನೂರು ದಲ್ಲಾಳಿಗಳು ಇರುವುದರಿಂದ ಯಾವ ರೈತನ ಬೇರು ಯಾವ ಚೀಲ ಸೇರಿತು ಎಂಬುದೇ ಗೊತ್ತಾಗುವುದಿಲ್ಲ. ನಿಜವಾದ ಅಡ್ಡಿ ಇರುವುದು ಇಲ್ಲಿ, ಪರೀಕ್ಷೆಯ ಯಂತ್ರದಲ್ಲಲ್ಲ.

ದಾರಿ ಇರುವುದು ಗುಂಪಿನಲ್ಲಿ. ಒಬ್ಬ ರೈತನ ಒಂದೂವರೆ ಕ್ವಿಂಟಲ್‌ಗೆ ಯಾರೂ ಪರೀಕ್ಷೆ ಮಾಡಿಸುವುದಿಲ್ಲ. ಒಂದೇ ತಳಿ, ಒಂದೇ ವಾರದ ಬಿತ್ತನೆ, ಒಂದೇ ಬಗೆಯ ಮಣ್ಣು ಇರುವ ಐವತ್ತು ರೈತರು ಉತ್ಪಾದಕರ ಕಂಪನಿಯಡಿ ಸೇರಿ ಒಟ್ಟಿಗೆ 75 ಕ್ವಿಂಟಲ್ ತಂದರೆ ಪರೀಕ್ಷೆಯ ಖರ್ಚು ಕಿಲೊಗೆ ಪೈಸೆಗಳ ಲೆಕ್ಕಕ್ಕೆ ಇಳಿಯುತ್ತದೆ. ರಾಷ್ಟ್ರೀಯ ಔಷಧೀಯ ಸಸ್ಯಗಳ ಮಂಡಳಿಯ ಸ್ವಯಂಪ್ರೇರಿತ ಪ್ರಮಾಣೀಕರಣ ಯೋಜನೆಯೂ ಇಂತಹ ಗುಂಪಿಗೇ ಹೊಂದುವಂಥದ್ದು, ಒಂಟಿ ರೈತನಿಗಲ್ಲ.

ಅಲ್ಲಿಯವರೆಗೆ ಒಪ್ಪಂದದ ಕಾಗದ ಹಿಡಿದು ಬರುವ ಪ್ರತಿನಿಧಿಯ ಬಳಿ ಕೇಳಬೇಕಾದ ಕೆಲವು ಪ್ರಶ್ನೆಗಳಿವೆ. ಬೀಜ ಯಾವ ತಳಿಯದು, ಯಾವ ವರ್ಷದ್ದು? ದರ ತೂಕಕ್ಕೋ ಸತ್ವಕ್ಕೋ? ಸತ್ವಕ್ಕೆ ಎಂದರೆ ಪರೀಕ್ಷೆ ಎಲ್ಲಿ, ಯಾವ ವಿಧಾನದಲ್ಲಿ, ಯಾರ ಖರ್ಚಿನಲ್ಲಿ? ವಿಧಾನ ಬದಲಾದರೆ ಒಂದೇ ಬೇರಿಗೆ ಬೇರೆ ಬೇರೆ ಅಂಕಿ ಬರುತ್ತದೆ ಎಂಬುದು ಆ ಪ್ರತಿನಿಧಿಗೆ ಚೆನ್ನಾಗಿ ಗೊತ್ತಿರುತ್ತದೆ. ನವೆಂಬರ್ ಮಳೆಗೆ ಬೇರು ಹಳದಿಗಟ್ಟಿದರೆ ಕೊಳ್ಳುತ್ತೀರೋ ಇಲ್ಲವೋ? ಮಲೆನಾಡಿನಲ್ಲಿ ವೆನಿಲ್ಲಾ ಧಾರಣೆ ಆಕಾಶಕ್ಕೆ ಏರಿ ನೆಲಕ್ಕೆ ಬಿದ್ದ ಕಾಲದಲ್ಲಿ ಇಂತಹ ಪ್ರಶ್ನೆ ಕೇಳಿದವರು ಕಡಿಮೆ. ಬಳ್ಳಿಗಳು ಮರದ ಮೇಲೆಯೇ ಒಣಗಿದವು.

ಈ ಆಗಸ್ಟ್‌ನಲ್ಲಿ ಬಿತ್ತಬೇಕೆಂದಿರುವವರು ಮೊದಲು ಹತ್ತು ಗುಂಟೆಯಲ್ಲಿ ಬಿತ್ತಿ ನೋಡಬಹುದು. ಕೆಂಪು ಹೊಲದ ಎತ್ತರದ ಮೂಲೆ, ಕಳೆದ ವರ್ಷ ಟೊಮೆಟೊ, ಮೆಣಸಿನಕಾಯಿ ಬೆಳೆಯದ ಜಾಗ, ಒಂದಿಷ್ಟು ಹಳೆಯ ಕೊಟ್ಟಿಗೆ ಗೊಬ್ಬರ ಸಾಕು. ಫೆಬ್ರುವರಿಯಲ್ಲಿ ಕಿತ್ತ ಬೇರಿನಲ್ಲಿ ಒಂದು ಹಿಡಿ ಪರೀಕ್ಷೆಗೆ ಕಳಿಸಿ, ಉಳಿದದ್ದನ್ನು ಮಂಡಿಗೆ ಒಯ್ಯಿರಿ. ಎರಡೂ ಕಡೆಯಿಂದ ಬರುವ ಚೀಟಿಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಮುಂದಿನ ಒಪ್ಪಂದಕ್ಕೆ ಕೂರಬಹುದು.